ಪಾಲಯ್ಯ ಮಾವನ ಬರ್ಲಿ ಯಂತ್ರ

"ಅಕ್ಕಾ, ಒಲೆ ಆರಿಸಿ ಹೊರಗೆ ಬಾ. ಇನ್ನು ಹತ್ತು ನಿಮಿಷದಲ್ಲಿ ಈ ಊರಿನ ಇತಿಹಾಸ ಬದಲಾಗುತ್ತೆ," ಎಂದು ಪಾಲಯ್ಯ ಮಾವ ಕಣದ ನಡುವೆ ನಿಂತು ಕೂಗಿದರು.

"ಹೋದ ಸಲ ಇತಿಹಾಸ ಬದಲಾದಾಗ ಹಿತ್ತಲ ಹಂಚು ಹಾರಿ ಹೋಗಿದ್ವು. ನಾನು ಇಲ್ಲಿಂದ್ಲೇ ನೋಡ್ತೀನಿ," ಎಂದು ಅವರ ಅಕ್ಕ, ಜಯಶೀಲಾಳ ಅತ್ತೆ, ಹೊಸ್ತಿಲ ಒಳಗೇ ನಿಂತರು.

ಇಬ್ಬರ ನಡುವೆ, ಡ್ರೈವಿಂಗ್ ಸ್ಕೂಲಿನಿಂದ ಬೇಡಿ ತಂದ ಲಾರಿಯ ಸೀಟಿನಲ್ಲಿ ಜಯಶೀಲಾ ಕೂತಿದ್ದಳು. ಲಾರಿಗೆ ಒಂದು ಟ್ರೇಲರ್ ಕಟ್ಟಿತ್ತು. ಅವಳ ದುಃಖವೆಲ್ಲ ಆ ಟ್ರೇಲರಿನದೇ.

ಸ್ಕೂಲ್ ವ್ಯಾನು ಓಡಿಸುತ್ತಿದ್ದವಳು ಅವಳು. ಶಾಲೆ ಮುಚ್ಚಿತು, ವ್ಯಾನು ನಿಂತಿತು. ಎಣ್ಣೆ ಮಿಲ್ಲಿನವರು ಟ್ರೇಲರ್ ಓಡಿಸುವ ಕೆಲಸ ಕೊಡಲು ಒಪ್ಪಿದ್ದರು, ಆದರೆ ಹೆವಿ ಲೈಸೆನ್ಸ್ ಬೇಕು, ಅದೂ ಸೋಮವಾರದ ಒಳಗೆ. ಎರಡು ಸಲ ಟೆಸ್ಟಿನಲ್ಲಿ ಫೇಲಾಗಿದ್ದಳು. ಅವಳ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸು, ಮುಗಿಯುವುದು ನಾಳೆ ಶನಿವಾರ. ಹೊಸದು ತೆಗೆದರೆ ಮತ್ತೆ ಒಂದು ತಿಂಗಳು ಕಾಯಬೇಕು. ಅಂದರೆ ಇರುವುದು ನಾಳೆಯ ಒಂದೇ ಟೆಸ್ಟು.

ಮುಂದಕ್ಕೆ ಓಡಿಸಲು ಅವಳಿಗೆ ಯಾವ ತೊಂದರೆಯೂ ಇರಲಿಲ್ಲ. ರಿವರ್ಸ್ ಹಾಕಿದೊಡನೆ ಪ್ರಪಂಚ ತಲೆಕೆಳಗಾಗುತ್ತಿತ್ತು. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೇಲರಿನ ಬಾಲ ಎಡಕ್ಕೆ ಹೋಗುತ್ತದೆ. ಅಯ್ಯೋ ಎಂದು ಸರಿಮಾಡಲು ಹೋಗುವಷ್ಟರಲ್ಲಿ ಲಾರಿಯೂ ಟ್ರೇಲರೂ ಮುನಿಸಿಕೊಂಡ ಗಂಡ ಹೆಂಡಿರ ಹಾಗೆ ಆ ಕಡೆಗೊಂದು ಈ ಕಡೆಗೊಂದು ಮುಖ ಮಾಡಿ ನಿಂತುಬಿಡುತ್ತಿದ್ದವು. ಎರಡು ಟೆಸ್ಟಿನಲ್ಲಿ ಅವಳು ಬೀಳಿಸಿದ ಗೂಟಗಳನ್ನು ಸೇರಿಸಿದರೆ ಒಂದು ಕೊಟ್ಟಿಗೆ ಕಟ್ಟಬಹುದಿತ್ತು.

"ನಿನ್ನ ತಪ್ಪಲ್ಲ ತಾಯಿ," ಎಂದರು ಮಾವ. "ಯಾವ ಡ್ರೈವರ್ ತಾನೇ ಕಣ್ಣಿಂದ ರಿವರ್ಸ್ ತಗೋತಾನೆ? ಹಿಂದೆ ಕ್ಲೀನರ್ ನಿಂತು ಬರ್ಲಿ ಬರ್ಲಿ ಅಂತಾನೆ, ಇವನು ಕಿವಿಯಿಂದ ಬರ್ತಾನೆ. ನಿನಗಿಲ್ಲದ್ದು ಕ್ಲೀನರ್. ಅದನ್ನೇ ಮಾಡಿದೀನಿ."

ಟ್ರೇಲರಿನ ಹಿಂಬದಿಗೆ ಕಟ್ಟಿದ್ದ ತಗಡಿನ ಪೆಟ್ಟಿಗೆಯನ್ನು ಅವರು ಪ್ರೀತಿಯಿಂದ ಸವರಿದರು. ಅದಕ್ಕೊಂದು ಗಾಜಿನ ಕಣ್ಣು, ಎರಡು ಕಡೆ ಶಾಮಿಯಾನದವರ ಧ್ವನಿವರ್ಧಕ. ಹೆದ್ದಾರಿಯ ಚಹಾದಂಗಡಿಯಲ್ಲಿ ಮೂರು ತಿಂಗಳು ಕೂತು ಅವರು ಎರಡು ಸಾವಿರ ಕ್ಲೀನರ್‌ಗಳ ದನಿ ಹಿಡಿದಿದ್ದರಂತೆ. ಅಷ್ಟನ್ನೂ ಅರೆದು, ಸೋಸಿ, ಒಂದೇ ದನಿ ಮಾಡಿದ್ದರಂತೆ.

"ಇದನ್ನ ಕೇಳಿದ ಡ್ರೈವರಿಗೆ ತನ್ನ ಸ್ವಂತ ಕ್ಲೀನರೇ ಕರೆದ ಹಾಗೆ ಆಗುತ್ತೆ. ಕೈ ತಾನಾಗೇ ತಿರುಗುತ್ತೆ. ಹಾಕು ರಿವರ್ಸು."

ಅವಳು ಹಾಕಿದಳು. ಪೆಟ್ಟಿಗೆ ಗಂಟಲು ಸರಿಮಾಡಿಕೊಂಡಿತು.

"ಬರ್ಲಿ, ಬರ್ಲಿ, ಬರ್ಲಿ. ಸ್ವಲ್ಪ ಲೆಫ್ಟ್ ಹೊಡಿ. ಹಾಂ, ಸೀದಾ ಬರ್ಲಿ."

ಜಯಶೀಲಾಳ ಮೈ ಜುಮ್ಮೆಂದಿತು. ಆ ದನಿಯಲ್ಲಿ ಹತ್ತು ವರ್ಷದ ಗುರುತಿತ್ತು, ಸಲಿಗೆಯಿತ್ತು. ಅವಳ ಕೈ ಅವಳನ್ನು ಕೇಳದೆ ತಿರುಗಿತು. ಟ್ರೇಲರ್ ಹುಲ್ಲಿನ ಬಣವೆಗೂ ಗೋಡೆಗೂ ನಡುವೆ ನೀರು ಹರಿದ ಹಾಗೆ ಹರಿಯಿತು. ಮಾವ ಹಿಂದಿನಿಂದ ಟ್ರೇಲರಿನ ಮೈಗೆ ಅಂಗೈಯಿಂದ ಧಡ್ಡನೆ ಬಡಿದರು. ಅವಳು ಬ್ರೇಕ್ ಒತ್ತಿದಳು. ಕೂದಲೆಳೆ ಜಾಗದಲ್ಲಿ ನಿಂತಿತ್ತು.

ಅದೇ ಹೊತ್ತಿಗೆ ಬೀದಿಯಲ್ಲಿ ಹೋಗುತ್ತಿದ್ದ ತರಕಾರಿ ಟೆಂಪೋ ಹಿಂದೆ ಹಿಂದೆಯೇ ಬಂದು ಅತ್ತೆಯ ಬಚ್ಚಲ ಗೋಡೆಗೆ ಗುದ್ದಿತು.

"ಯಾರೋ ಕರೆದಂಗಾಯ್ತಲ್ಲ," ಎಂದ ಟೆಂಪೋದವನು ತಲೆ ಕೆರೆದುಕೊಂಡು.

"ನಿನ್ನ ತಲೆ. ಕುಡಿದು ಓಡಿಸ್ತೀಯೇನೋ ಬೆಳಬೆಳಗ್ಗೆ?" ಎಂದರು ಅತ್ತೆ.

ಜಯಶೀಲಾ ಮಾತ್ರ ಆ ಟೆಂಪೋವನ್ನೇ ನೋಡುತ್ತಿದ್ದಳು. ಇವನನ್ನೂ ಆ ದನಿಯೇ ಕರೆಯಿತೇ ಎಂದು ಮಾವನನ್ನು ಕೇಳಬೇಕೆನಿಸಿತು. ಆದರೆ ಮಾವ ಕುಣಿಯುತ್ತಿದ್ದರು, ಅವಳಿಗೂ ಆಸೆ ಹುಟ್ಟಿಬಿಟ್ಟಿತ್ತು. ಕೇಳಲಿಲ್ಲ.

ಶನಿವಾರ ನಾಲ್ಕು ಗಂಟೆಗೆ ಅವಳ ಸರದಿ ಬಂತು. ಟೆಸ್ಟಿನ ಮೈದಾನಕ್ಕೆ ಎರಡು ಗೇಟು. ಮುಂದಿನದು ಹೆದ್ದಾರಿಗೆ, ಹಿಂದಿನದು ಕೆರೆ ಏರಿಯ ರಸ್ತೆಗೆ. ನಡುವೆ ಸುಣ್ಣ ಬಳಿದ ಗೂಟಗಳು. ಇನ್‌ಸ್ಪೆಕ್ಟರು ಅವಳ ಪಕ್ಕದ ಸೀಟಿಗೆ ಹತ್ತಿ ಕೂತು, "ಮೂರನೇ ಸಲ ಅಲ್ವೇನಮ್ಮ? ಈ ಸಲ ಗೂಟ ಹೊಸದು. ಸ್ವಲ್ಪ ನೋಡ್ಕೊಂಡು," ಎಂದರು.

ಮಾವ ಬೇಲಿಯ ಆಚೆಯಿಂದ ರಿಮೋಟಿನ ಗುಂಡಿ ಒತ್ತಿದರು.

"ಬರ್ಲಿ, ಬರ್ಲಿ. ರೈಟ್ ಹೊಡಿ. ಬರ್ಲಿ."

ಟ್ರೇಲರ್ ಗೂಟಗಳ ನಡುವೆ ಹೂವಿನ ಹಾಗೆ ಇಳಿಯಿತು. ಇನ್‌ಸ್ಪೆಕ್ಟರು ಹುಬ್ಬೇರಿಸಿದರು. ಕೊನೆಯ ಗೂಟ ಹತ್ತಿರವಾಯಿತು. ದನಿ ಇನ್ನೂ "ಬರ್ಲಿ" ಎನ್ನುತ್ತಿತ್ತು. ಅವಳ ಕಾಲು ಆಕ್ಸಿಲರೇಟರ್ ಬಿಟ್ಟು ಏಳಲೊಲ್ಲದು. ಆದರೆ ಜಯಶೀಲಾ ಮಲಗುವ ಮುನ್ನ ಗ್ಯಾಸನ್ನು ಮೂರು ಸಲ ನೋಡಿ ಬರುವ ಹೆಂಗಸು. ಕನ್ನಡಿಯಿಂದ ಅವಳ ಕಣ್ಣು ಒಮ್ಮೆಯೂ ಕದಲಿರಲಿಲ್ಲ. ಎರಡೂ ಕಾಲು ಕೂಡಿಸಿ ಬ್ರೇಕ್ ತುಳಿದಳು. ಗೂಟಕ್ಕೆ ಒಂದು ಗೇಣು ಉಳಿಯಿತು.

ದನಿ ನಿಲ್ಲಲಿಲ್ಲ. "ಬರ್ಲಿ, ಬರ್ಲಿ, ಬರ್ಲಿ."

ತಲೆಯೆತ್ತಿ ಮುಂದೆ ನೋಡಿದಳು. ಹೆದ್ದಾರಿಯ ಗೇಟಿನಿಂದ ಒಂದು ಟಿಪ್ಪರ್ ಬೆನ್ನು ಮಾಡಿಕೊಂಡು ಒಳಗೆ ಬರುತ್ತಿತ್ತು. ಅದರ ಹಿಂದೆ ಜಲ್ಲಿ ಲಾರಿ, ಗ್ಯಾಸ್ ಸಿಲಿಂಡರಿನ ಲಾರಿ, ಈರುಳ್ಳಿ ಲಾರಿ, ಮದುವೆ ದಿಬ್ಬಣದ ಬಸ್ಸು. ಎಲ್ಲ ಹಿಂದು ಹಿಂದಾಗಿ, ಒಬ್ಬ ಡ್ರೈವರೂ ಕನ್ನಡಿ ನೋಡದೆ, ಮುಖದಲ್ಲಿ ಒಂದು ನೆಮ್ಮದಿ ಇಟ್ಟುಕೊಂಡು ಬರುತ್ತಿದ್ದರು. ಹೊಸ ಗೂಟಗಳು ಪಟಪಟನೆ ಮುರಿದವು. ಟಿಪ್ಪರ್ ಇನ್‌ಸ್ಪೆಕ್ಟರ ಜೀಪನ್ನು ಮೂಲೆಗೆ ನೂಕಿತು.

"ಮಾವ, ಅದರ ಬಾಯಲ್ಲಿ ನಿಲ್ಸು ಅನ್ನಿಸಿ," ಎಂದು ಅವಳು ಕಿಟಕಿಯಿಂದ ಕೂಗಿದಳು.

"ಅದಕ್ಕೆ ಆ ಮಾತು ಬರಲ್ಲ ಕಣಮ್ಮ."

"ಯಾಕೆ ಬರಲ್ಲ?"

"ಕ್ಲೀನರ್‌ಗಳು ನಿಲ್ಸು ಅಂತ ಬಾಯಲ್ಲಿ ಎಲ್ಲಿ ಹೇಳ್ತಾರೆ? ಲಾರಿ ಬಾಡಿ ಮೇಲೆ ಬಡೀತಾರೆ."

"ಆ ಬಡಿದ ಸದ್ದು?"

"ಅದು ಗಲಾಟೆ ಅಂತ ಸೋಸಿ ತೆಗೆದುಬಿಟ್ಟೆ," ಎಂದರು ಮಾವ, ಪಾಪ, ಸಣ್ಣ ದನಿಯಲ್ಲಿ.

ರಿಮೋಟು ಕೆಲಸ ಮಾಡಲಿಲ್ಲ. ಅವರು ಬೇಲಿ ಹಾರಿ ಒಂದೊಂದೇ ಲಾರಿಯ ಮೈಗೆ ಬಡಿಯುತ್ತ ಓಡಿದರು. ಬಡಿದದ್ದು ನಿಲ್ಲುತ್ತಿತ್ತು, ಬಡಿಯದ್ದು ಬರುತ್ತಿತ್ತು. ಹದಿನೆಂಟನೆಯ ಲಾರಿಗೆ ಅವರ ಅಂಗೈ ಬೋಂಡದ ಹಾಗೆ ಊದಿತು. ಕೊನೆಗೆ ಪೆಟ್ಟಿಗೆಯ ವೈರು ಕಿತ್ತೆಸೆದರು.

ಮೌನವಾಯಿತು. ಬಿಳಿ ಮೀಸೆಯ ಡ್ರೈವರೊಬ್ಬರು ಈರುಳ್ಳಿ ಲಾರಿಯಿಂದ ಇಳಿದು ಕಣ್ಣೊರೆಸಿಕೊಂಡರು. "ನಮ್ಮ ಹುಸೇನಿ ಕರೆದ ಸಾರ್. ಅವನು ಹೋಗಿ ಆರು ವರ್ಷ ಆಯ್ತು. ಅವನು ಕರೆದ ಮೇಲೆ ಹೆಂಗೆ ಬರ್ದೆ ಇರ್ಲಿ?"

ಇನ್‌ಸ್ಪೆಕ್ಟರು ಗಡಿಯಾರ ನೋಡಿದರು. ಐದು ಗಂಟೆ ಹತ್ತು ನಿಮಿಷ. ಮುಂದೆ ಮೂವತ್ತು ವಾಹನಗಳ ಬೆನ್ನು, ಅವುಗಳಾಚೆ ಹೆದ್ದಾರಿಯೆಲ್ಲ ಗಂಟು.

"ಇನ್ನು ರಸ್ತೆ ಟೆಸ್ಟು ಆಗ್ಬೇಕು. ಎಲ್ಲಿ ಆಗುತ್ತೆ? ಐದೂವರೆಗೆ ಆಫೀಸ್ ಮುಗಿಯುತ್ತೆ. ಮುಂದೆ ಜಾಗ ಇಲ್ಲಮ್ಮ."

ಜಯಶೀಲಾ ಅಳು ಬರುವುದೆಂದುಕೊಂಡಳು. ಬಂದದ್ದು ಬೇರೆ ಮಾತು.

"ಹಿಂದೆ ಇದೆ ಸಾರ್."

"ಏನಂದೆ?"

"ಕೆರೆ ಏರಿ ರಸ್ತೆ. ಹಿಂದಿನ ಗೇಟು ತೆಗೆದಿದೆ."

ಮಾವ ಟ್ರೇಲರಿನ ಹಿಂದೆ ಓಡಿಹೋಗಿ ಊದಿದ ಕೈ ಎತ್ತಿ ಬಾಯಿ ತೆರೆದರು.

"ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ಒಂದು ಮಾತೂ ಆಡ್ಬೇಡಿ," ಎಂದಳು ಅವಳು.

ಕೊನೆಯ ಗೂಟವನ್ನು ಕಿತ್ತು ಬದಿಗಿಟ್ಟು ಬಂದಳು. ಬಾಗಿಲು ಅರ್ಧ ತೆರೆದು, ಅರ್ಧ ಮೈ ಹೊರಗೆ ಹಾಕಿ, ಬಾಲದ ಮೇಲೆ ಕಣ್ಣಿಟ್ಟು ಹೊರಟಳು. ಒಂದು ಕಡೆ ಕೆರೆಯ ನೀರು, ಇನ್ನೊಂದು ಕಡೆ ಗದ್ದೆಯ ಇಳಿಜಾರು. ಬಾಲ ಎಡಕ್ಕೆ ಜರುಗಿದರೆ ಸ್ಟೇರಿಂಗೂ ಎಡಕ್ಕೆ, ಒಂದು ಬೆರಳಿನಷ್ಟು, ಮತ್ತೆ ವಾಪಸ್ಸು. ಕಿವಿಗೆ ಇಂಜಿನ್ನಿನ ಸದ್ದು ಬಿಟ್ಟು ಬೇರೇನೂ ಇಲ್ಲ. ಹೆದರಿಕೆ ಹೋಗಲಿಲ್ಲ, ಪಕ್ಕದಲ್ಲೇ ಕೂತಿತ್ತು, ಸುಮ್ಮನೆ ಕೂತಿತ್ತು. ಒಂದೂವರೆ ಕಿಲೋಮೀಟರ್ ಏರಿಯ ಮೇಲೆ, ತಿರುವುಗಳನ್ನೆಲ್ಲ ತಿರುಗಿ, ಕೋಡಿಯ ಬಯಲಿಗೆ ಬಂದು ನಿಲ್ಲಿಸಿದಳು.

"ಇಪ್ಪತ್ತೆರಡು ವರ್ಷ ಸರ್ವೀಸು. ಇಂಥಾ ರಿವರ್ಸ್ ನೋಡಿಲ್ಲ," ಎಂದು ಇನ್‌ಸ್ಪೆಕ್ಟರು ಹಣೆಯ ಬೆವರು ಒರೆಸಿಕೊಂಡು, ಮೊಣಕಾಲ ಮೇಲೆ ಕಾಗದವಿಟ್ಟು ಬರೆದು, ಸಹಿ ಹಾಕಿ, ಹೊತ್ತು ನಮೂದಿಸಿ ಕೊಟ್ಟರು.

ಜಯಶೀಲಾ ಓದಿದಳು. ರಿವರ್ಸ್: ಅತ್ಯುತ್ತಮ. ಅದರ ಕೆಳಗೆ, ಮುಂದಕ್ಕೆ ಓಡಿಸುವುದು: ಕಂಡುಬಂದಿಲ್ಲ. ಅದರ ಕೆಳಗೆ, ಫೇಲ್. ಸಮಯ ಐದೂವರೆ.

"ಸಾರ್, ಈಗಲೇ ತೋರಿಸ್ತೀನಿ."

"ಸಹಿ ಆಗೋಯ್ತಲ್ಲಮ್ಮ. ಟೈಮೂ ಬರೆದಾಯ್ತು."

ಜಯಶೀಲಾ ಕಾಗದ ಮಡಿಚಿಟ್ಟಳು. ಆಮೇಲೆ ಇನ್‌ಸ್ಪೆಕ್ಟರು ಕೆಮ್ಮಿ, ಜೀಪು ಟಿಪ್ಪರಿನ ಹಿಂದೆ ಸಿಕ್ಕಿದೆಯಲ್ಲ, ಇದರಲ್ಲೇ ಮೈದಾನದ ಗೇಟಿನ ತನಕ ಬಿಡುತ್ತೀಯಾ ಎಂದು ಕೇಳಿದರು. ಅವಳು ಬಯಲಿನಲ್ಲಿ ಲಾರಿಯನ್ನು ಸರಿಮಾಡಿಕೊಂಡು, ಫಸ್ಟ್ ಹಾಕಿ, ಸೆಕೆಂಡ್ ಹಾಕಿ, ತಿರುವಿನಲ್ಲಿ ಹಾರ್ನ್ ಮಾಡಿ, ಎಮ್ಮೆಗಳಿಗೆ ದಾರಿ ಬಿಟ್ಟು, ಒಂದೂವರೆ ಕಿಲೋಮೀಟರನ್ನು ಒಂದು ಕುಲುಕಿಲ್ಲದೆ ಮುಂದಕ್ಕೆ ಓಡಿಸಿ, ಗೇಟಿನ ಎದುರು ನಿಲ್ಲಿಸಿದಳು.

ಇನ್‌ಸ್ಪೆಕ್ಟರು ಇಳಿದು ಪ್ಯಾಂಟು ಕೊಡವಿಕೊಂಡರು.

"ಚೆನ್ನಾಗೇ ಓಡಿಸ್ತೀಯಲ್ಲಮ್ಮ," ಎಂದರು. "ಇದನ್ನ ಆಫೀಸ್ ಟೈಮಲ್ಲಿ ಮಾಡೋಕೆ ಏನಾಗಿತ್ತು?"