ಬುತ್ತಿ ಡಬ್ಬಿ ಮತ್ತು ವೇವ್ ಫೈಲು

ಅಕ್ಕಿಆಲೂರಿನಲ್ಲಿ ಧ್ವನಿಯ ಶುದ್ಧತೆ ಕಾಪಾಡಲೆಂದೇ ಯಾರಾದರೂ ಹುಟ್ಟಿದ್ದರೆ ಅದು ನಾನೇ! ಎಂಪಿಥ್ರೀ ಎಂದರೆ ನನಗೆ ನೀರು ಬೆರೆಸಿದ ಹಾಲು. ಹಾಡನ್ನು ಚಿಕ್ಕದು ಮಾಡುವ ಭರದಲ್ಲಿ ಅದು ಸಣ್ಣಪುಟ್ಟ ಸಪ್ಪಳಗಳನ್ನೆಲ್ಲ ‘ಇವು ಯಾರ ಕಿವಿಗೆ ಕೇಳಬೇಕು’ ಎಂದು ಬಿಸಾಕಿಬಿಡುತ್ತದೆ. ವೇವ್ ಫೈಲು ಹಾಗಲ್ಲ, ಒಂದು ಚೂರೂ ಕಳೆಯುವುದಿಲ್ಲ! ಹೆಂಡತಿ ಸರೋಜಾಗೆ ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನಾನು ಬಾಯಿ ತೆರೆಯುವ ಮೊದಲೇ ಅವಳು ತಲೆಯಾಡಿಸುತ್ತಾಳೆ.

ಹಾನಗಲ್ಲಿನಲ್ಲಿ ಅವಳ ಅಣ್ಣನ ಮಗಳು ಅಂಕಿತಾಳ ಮದುವೆ ಗೊತ್ತಾಯಿತು. ಅರಿಶಿನ ಹಚ್ಚುವಾಗ ಅಜ್ಜಿಯ ಸೋಬಾನೆ ಪದ ಬೇಕೇ ಬೇಕೆಂದು ಹುಡುಗಿಯ ಹಟ. ಅಜ್ಜಿ ಎಂದರೆ ನಮ್ಮ ಅತ್ತೆ ಹೊನ್ನವ್ವ. ಆದರೆ ಡಾಕ್ಟರು ಮದುವೆಗೆ ಮೊದಲೇ ಅತ್ತೆಯ ಹಲ್ಲು ಕೀಳುವವರಿದ್ದರು! ಹಲ್ಲು ಹೋದ ಮೇಲೆ ಆ ಹಾಡು ಮತ್ತೆ ಸಿಗುತ್ತದೆಯೇ?

ಬೀಗರಿಗೆ ಕೊಡುವ ಬುತ್ತಿಗೆ ಚಕ್ಕಲಿ ಮಾಡಲು ಅತ್ತೆ ನಮ್ಮ ಮನೆಗೇ ಬಂದಿದ್ದರು. ಅಡುಗೆಮನೆಯಲ್ಲಿ ಅವರನ್ನು ಕೂರಿಸಿ, ಮೈಕು ಇಟ್ಟು, ನಾನೂ ಗೋಡೆಗೆ ಒರಗಿ ಕೂತೆ. ಅತ್ತೆ ಕಣ್ಣು ಮುಚ್ಚಿ ಹಾಡಿದರು. ನನ್ನ ಎದೆ ತುಂಬಿ ಬಂತು. ಪಕ್ಕದಲ್ಲೇ ಬುತ್ತಿಯ ಡಬ್ಬಿ ಇತ್ತು ಎಂಬುದು ಇಲ್ಲಿ ಅಷ್ಟು ಮುಖ್ಯವಲ್ಲ.

ಮರುದಿನ ಸರೋಜಾ ಡಬ್ಬಿ ತೆರೆದು ಚೀರಿದಳು.

“ಬೀಗರು ಮುಟ್ಟೂಕಿಂತ ಮೊದ್ಲ ಯಾರು ಕೈ ಹಾಕ್ಯಾರ ಇದಕ್ಕ?”

“ಇಲಿ ಇರಬೇಕು ನೋಡ.”

“ಮುಚ್ಚಳ ತಿರುವಿ ತಗದು, ತಿಂದು, ಮತ್ತ ಹಾಕಿ ಹೋಗೂ ಇಲಿ?”

ಮಾತು ತೇಲಿಸಲು ಫೈಲಿನ ಗಾತ್ರ ತೋರಿಸಿದೆ. “ಇಲ್ನೋಡ, ಎಷ್ಟು ದೊಡ್ಡದೈತಿ! ವಾಟ್ಸಾಪಿಗೆ ಹಾಕಾಕ ಹೋದ್ರ ಒಲ್ಲೆ ಅಂತೈತಿ!”

“ಗಾತ್ರ ಇರ್ಲಿ, ಹಾಡು ಕೇಳೀರೇನು? ನಡುವ ಏನರ ಸಪ್ಪಳ ಬಂದಿದ್ರ ಕತ್ತರಿಸಿ, ಎಂಪಿಥ್ರೀ ಮಾಡಿ ಕಳಸ್ರಿ.”

ಕೇಳುವುದೇನು? ಫೈಲು ಅಷ್ಟು ದೊಡ್ಡದಿದ್ದ ಮೇಲೆ ಒಳ್ಳೆಯದೇ ಇರಬೇಕಲ್ಲ!

“ಅಸಲಿ ಧ್ವನಿಗೆ ಕತ್ತರಿ ಹಾಕೂ ಪಾಪಿ ನಾನಲ್ಲ!” ಎಂದು ಪೆನ್ ಡ್ರೈವ್ ಜೇಬಿಗಿಳಿಸಿದೆ.

ಅರಿಶಿನದ ದಿನ ಹಾನಗಲ್ಲಿನ ಚಪ್ಪರದಲ್ಲಿ ಆಳೆತ್ತರದ ಸ್ಪೀಕರುಗಳು. ಶಿಗ್ಗಾಂವಿಯಿಂದ ಬಂದ ಬೀಗರು ಮುಂದಿನ ಸಾಲಿನಲ್ಲಿ. ಅತ್ತೆಯ ಹಾಡು ಶುರುವಾಯಿತು. ಅಂಕಿತಾಳ ಕಣ್ಣು ತುಂಬಿತು. ನಾನು ಮೀಸೆ ತಿರುವಿದೆ.

ಮೊದಲ ನುಡಿ ಮುಗಿಯಿತು. ಕಿರ್ರ್! ಮುಚ್ಚಳ ತಿರುಗಿತು. ಎರಡನೆಯ ನುಡಿ ಮುಗಿಯಿತು. ಕರಂ! ಕುರುಂ! ಆಮೇಲೆ ಪ್ರತಿ ನುಡಿಗೂ ಕರಂ ಕುರುಂ! ಕೊನೆಗೆ ಬೆರಳು ಚೀಪಿದ್ದೂ ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿರಬೇಕು. ಪಕ್ಕದಲ್ಲಿದ್ದ ಅತ್ತೆಗೂ ಗೊತ್ತಾಗದಂತೆ ಎಷ್ಟು ಜತನದಿಂದ ಅಗಿದಿದ್ದೆ ನಾನು!

ಅಂಕಿತಾ ಅಳುತ್ತಲೇ ನಗತೊಡಗಿದಳು. ಅತ್ತೆಯಂತೂ ಬೊಚ್ಚುಬಾಯಿ ತೆರೆದು ನಕ್ಕಿದ್ದೇ ನಕ್ಕಿದ್ದು. ಸರೋಜಾ ನನ್ನ ಕಿವಿಯಲ್ಲಿ, “ಖರೇನ ರೀ, ಒಂದ ಚೂರೂ ಕಳದಿಲ್ಲ!” ಎಂದಳು.

ಅಷ್ಟರಲ್ಲಿ ವರನ ತಾಯಿ ಈ ಕಡೆ ತಿರುಗಿದರು. “ಹಾಡು ಭಾಳ ಚಲೋ ಐತ್ರಿ. ತಾಳ ಹಾಕಿದವ್ರು ಯಾರ್ರಿ?”

“ನಮ್ಮ ಮನಿಯವ್ರರಿ,” ಎಂದಳು ಸರೋಜಾ. “ನಿಮ್ಮ ಬುತ್ತಿ ಡಬ್ಬಿ ತಳ ಕಾಣೂತನಕ ತಾಳ ತಪ್ಪಿಸಿಲ್ಲರಿ!”