ದರ್ಜಿಯ ಕೈಗುಣ

ಬೆಳಗ್ಗೆ ಹಚ್ಚಿದ ಟಿವಿ ಸುದ್ದಿ ಹೇಳುವುದು ಬಿಟ್ಟು ಕೊರ್ರೆಂದು ಕೂಗತೊಡಗಿತು. ಬೇರೆ ದಿನವಾಗಿದ್ದರೆ ಅಂಚೆ ಗುಮಾಸ್ತರು ಅದನ್ನು ಆರಿಸಿ ಮಗ್ಗುಲು ಬದಲಿಸುತ್ತಿದ್ದರು. ಆದರೆ ಸಂಜೆ ಆರಕ್ಕೆ ಅವರ ಮಗಳು ಮೊದಲ ಸಲ ಟಿವಿಯಲ್ಲಿ ಹಾಡುವವಳಿದ್ದಳು. ನೇರ ಪ್ರಸಾರ, ಒಂದೇ ಹಾಡು. ಅವಳ ಜೊತೆ ಒಬ್ಬರಿಗಷ್ಟೇ ಪ್ರವೇಶವೆಂದು ಹೆಂಡತಿ ಹೋಗಿದ್ದಳು. ಇವರು ರಜೆ ಹಾಕಿ ಮನೆಯಲ್ಲಿ ಉಳಿದಿದ್ದರು.

ಎದುರುಮನೆಯ ನಿವೃತ್ತ ಮೇಷ್ಟರು ಬಂದು ಇದ್ದಬದ್ದ ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದರು. ಪಕ್ಕದ ಮನೆಯ ಅಜ್ಜಿ ಫ್ರಿಜ್ಜು, ಫ್ಯಾನು ಎಲ್ಲ ಆರಿಸಿದರು. ಟಿವಿ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ, ಯಂತ್ರ ಬಿಚ್ಚಿ ಕಟ್ಟಬಲ್ಲವನೆಂದು, ಮಹಡಿ ಮೇಲಿನ ದರ್ಜಿಯನ್ನು ಕೂಗಿದರು. ಅವನು ಇಳಿದು ಬಂದು ಟಿವಿಯ ಮೇಲೆ ಕೈಯಿಟ್ಟರೆ, ಕೊರ್ರೆನ್ನುವ ಸದ್ದೇ ಇಲ್ಲ!

"ಚೆನ್ನಾಗೇ ಇದೆಯಲ್ಲ?" ಎಂದು ಅವನು ಮೇಲೆ ಹೋದ. ಐದು ನಿಮಿಷಕ್ಕೆ ಮತ್ತೆ ಕೊರ್ರ್. ಕರೆದರೆ ನಿಂತಿತು; ಕಳಿಸಿದರೆ ಶುರುವಾಯಿತು. ಮೂರು ಸಲವೂ ಹೀಗೇ.

"ಕೈಗುಣ ಅಂದ್ರೆ ಇದು ಕಣ್ರೀ!" ಎಂದರು ಅಜ್ಜಿ.

"ನಾನಿಲ್ಲಿ ಕೂತ್ರೆ ಬಟ್ಟೆ ಹೊಲಿಯೋರು ಯಾರು?" ಎಂದ ದರ್ಜಿ.

"ಹಾಡು ಮುಗಿಯೋವರೆಗೆ ಕೂತ್ಕೊಳ್ಳಪ್ಪ, ನಿನ್ನ ದಮ್ಮಯ್ಯ," ಎಂದು ಗುಮಾಸ್ತರು ಅಂಗಲಾಚಿದರು. ದರ್ಜಿ ಟಿವಿಯ ಮೇಲೆ ಕೈಯಿಟ್ಟು ಹೊಸ ಅಳಿಯನಂತೆ ಚಹಾ ಕುಡಿಯುತ್ತ ಕೂತ.

ಆರು ಹೊಡೆಯಿತು. ಮಗಳು ಪರದೆಯ ಮೇಲೆ ಬಂದು ಬಾಯಿ ತೆರೆದಳು. ಕೊರ್ರ್‌ರ್!

"ಎರಡೂ ಕೈ ಇಡೋ!" ಎಂದು ಮೇಷ್ಟರು ಚೀರಿದರು.

ಗುಮಾಸ್ತರಿಗೆ ಮಾತ್ರ ಸೂರಿನ ಮೇಲಿಂದ ಇನ್ನೊಂದು ಸದ್ದು ಕೇಳಿಸಿತು. ಎದ್ದೆವೋ ಬಿದ್ದೆವೋ ಎಂದು ಮೆಟ್ಟಿಲು ಹತ್ತಿದರು. ಅಲ್ಲಿ ದರ್ಜಿಯ ಹೆಂಡತಿ ಮೋಟಾರಿನ ಹೊಲಿಗೆ ಯಂತ್ರ ಓಡಿಸುತ್ತಿದ್ದಳು.

"ನಿಲ್ಸಮ್ಮಾ! ಟಿವಿಲಿ ಬರ್ತಿರೋದು ಇದರದೇ ಸದ್ದು!"

"ನಮ್ಮೆಜಮಾನ್ರನ್ನ ಬೆಳಗ್ಗೆಯಿಂದ ಹಿಡ್ಕೊಂಡು ಕೂತಿದೀರ. ನಾನೂ ನಿಲ್ಸಿದ್ರೆ ಗಿರಾಕಿಗೆ ಏನು ಹೇಳ್ಲಿ?"

ಗುಮಾಸ್ತರು ತಾವೇ ಸ್ವಿಚ್ಚು ಆರಿಸಿದರು. ಅವಳು ದಾರಿಗೆ ಅಡ್ಡ ನಿಂತು ಮನಸಾರೆ ಬೈದಳು. ಅವಳ ಕೈಕಾಲು ಹಿಡಿದು ಬಿಡಿಸಿಕೊಂಡು ಕೆಳಗೆ ಬರುವಷ್ಟರಲ್ಲಿ ಮಗಳು ಹಾಡು ಮುಗಿಸಿ ಕೈಮುಗಿಯುತ್ತಿದ್ದಳು. ಚಪ್ಪಾಳೆ ಸ್ಫಟಿಕದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ಗುಮಾಸ್ತರಿಗೆ ಅಳುವೇ ಬಂತು.

ಅಜ್ಜಿಯೂ ಕಣ್ಣೊರೆಸಿಕೊಂಡರು. "ಏನು ಕಂಠ ರೀ ಮಗೂದು! ನೀವು ಆಚೆ ಹೋದ್ರಿ ನೋಡಿ, ಸದ್ದು ಗಪ್ ಅಂತ ನಿಂತುಹೋಯ್ತು. ಆಮೇಲಿಂದು ಪೂರ್ತಿ ಕೇಳಿದ್ವಿ."

"ಅಂದ್ಮೇಲೆ ಇದು ಇವನ ಕೈಗುಣ ಅಲ್ಲ, ನಿಮ್ಮ ಕಾಲ್ಗುಣ," ಎಂದರು ಮೇಷ್ಟರು ಗಂಭೀರವಾಗಿ. "ಮುಂದಿನ ಸಲ ಮಗಳು ಹಾಡೋವಾಗ ನೀವು ದಯವಿಟ್ಟು ಬೀದೀಲಿರಿ."