ಜೋಗುಪಾಳ್ಯದ ಅಜ್ಜಿ ಹಡಗು ಹತ್ತಿದ್ದು

ಹಡಗಿನ ಪ್ರವಾಸದ ಟಿಕೆಟ್ ಕೇಳಿಕೊಂಡು ನನ್ನ ಅಂಗಡಿಗೆ ಬರುವವರೆಲ್ಲ ಹಡಗಿನ ಬಗ್ಗೆ ನನಗಿಂತ ಹೆಚ್ಚು ತಿಳಿದುಕೊಂಡೇ ಬಂದಿರುತ್ತಾರೆ. ತಿಳಿದುಕೊಂಡದ್ದರಲ್ಲಿ ಒಂದೂ ಸರಿ ಇರುವುದಿಲ್ಲ, ಅಷ್ಟೇ. ಬೆಳಗಾದರೆ ಯಾರಾದರೊಬ್ಬರು ಹೊಸ ಅನುಮಾನ ಹೊತ್ತುಕೊಂಡು ಬರುತ್ತಾರೆ. ನಾನು ತುಟಿ ಕಚ್ಚಿ ನಗು ತಡೆದುಕೊಂಡು ಉತ್ತರ ಕೊಡುತ್ತೇನೆ. ಅವರು ಅತ್ತ ಹೋದ ಮೇಲೆ ಪಕ್ಕದ ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಮನಸಾರೆ ನಗುತ್ತೇನೆ.

ನನ್ನ ಅಂಗಡಿ ಜೋಗುಪಾಳ್ಯದಲ್ಲಿದೆ. ಮೊದಲು ಕಲಬುರಗಿ, ರಾಯಚೂರು, ಯಾದಗಿರಿ ಬಸ್ಸುಗಳ ಟಿಕೆಟ್ ಮಾತ್ರ ಮಾರುತ್ತಿದ್ದೆ. ಚೆನ್ನೈನಿಂದ ಲಂಕೆಗೆ ಹಡಗಿನ ಪ್ರವಾಸ ಶುರುವಾದಾಗ, ಬಸ್ಸಿನ ಬೋರ್ಡಿನ ಪಕ್ಕದಲ್ಲೇ ಹಡಗಿನ ದೊಡ್ಡ ಚಿತ್ರ ಅಂಟಿಸಿದೆ. ಅದನ್ನು ಮೊದಲು ನೋಡಿದವರು ಕಟ್ಟಡದ ಒಡತಿ ಅಜ್ಜಿ.

ಅಜ್ಜಿಯದು ಹಲಸೂರು ಕಡೆಯ ಹಳೇ ಮನೆತನ. ಈಗ ಇಂದಿರಾನಗರದವರು ಕಾಫಿ ಕುಡಿಯುತ್ತ ಕೂರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವರು. ಕೆಲಸ ಆಗಬೇಕೆಂದರೆ ಅಜ್ಜಿ ಕೂಗಾಡುವುದಿಲ್ಲ. ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು ಬಾಗಿಲಿಗೆ ಅಡ್ಡ ಹಾಕಿ ಕೂರುತ್ತಾರೆ. ಪ್ಲಂಬರ್ ಇರಲಿ, ಬಾಡಿಗೆದಾರ ಇರಲಿ, ಸ್ವಂತ ಮಗನೇ ಇರಲಿ, ಕೆಲಸ ಮುಗಿಯುವವರೆಗೆ ಒಳಗಿದ್ದವರು ಹೊರಗೆ ಹೋಗುವ ಹಾಗಿಲ್ಲ.

ಚಿತ್ರ ಅಂಟಿಸಿದ ದಿನ ಕುರ್ಚಿ ನನ್ನ ಬಾಗಿಲಿಗೆ ಬಂತು.

"ಏನೇ ಇದು, ಜನಾನ ಸಮುದ್ರಕ್ಕೆ ತಳ್ಳೋ ವ್ಯಾಪಾರ? ನಾಳೆ ಯಾರಾದ್ರೂ ಮುಳುಗಿದ್ರೆ ಅವ್ರ ಮನೆಯವ್ರೆಲ್ಲ ನಮ್ಮ ಬಾಗ್ಲಿಗೆ ಬರ್ತಾರೆ."

"ಮುಳುಗಲ್ಲ ಅಜ್ಜಿ, ಐದು ಮಹಡಿ ಹೋಟ್ಲು ಇದ್ದಂಗಿರುತ್ತೆ."

"ಹಂಗಾದ್ರೆ ನಾನೇ ಬಂದು ನೋಡ್ತೀನಿ. ನೀನು ಹೇಳ್ದಂಗೆ ಇದ್ರೆ ಸರಿ. ಇಲ್ದಿದ್ರೆ ವಾಪಸ್ ಬಂದ್ಮೇಲೆ ಅಂಗಡಿ ಖಾಲಿ ಮಾಡು."

ಅಜ್ಜಿ ತಮಾಷೆಗೆ ಮಾತಾಡುವವರಲ್ಲ. ನನಗೆ ನಿಜಕ್ಕೂ ಭಯವಾಯಿತು. ಆ ಅಂಗಡಿ ಬಿಟ್ಟರೆ ನನಗೆ ಬೇರೆ ದಿಕ್ಕಿರಲಿಲ್ಲ. ಹೀಗೆ ನನ್ನ ಮೊದಲ ಹಡಗಿನ ತಂಡದಲ್ಲಿ ಮೊದಲ ಹೆಸರು ಅಜ್ಜಿಯದಾಯಿತು.

ಈಜು ಬರಬೇಕಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಬಾಣಸವಾಡಿಯ ದಂಪತಿ ಇದನ್ನು ಕೇಳಲೇ ಇಲ್ಲ, ತಾವೇ ತೀರ್ಮಾನ ಮಾಡಿಕೊಂಡಿದ್ದರು. ಹೊರಡುವ ಹಿಂದಿನ ವಾರ ಗಂಡ ಕೆಂಗಣ್ಣು ಮಾಡಿಕೊಂಡು ಅಂಗಡಿಗೆ ಬಂದರು. ಕಣ್ಣುಬೇನೆ ಇರಬೇಕೆಂದು ನಾನು ದೂರ ಸರಿದೆ.

"ಅಲ್ಲ ಮೇಡಂ, ಸ್ವಿಮ್ಮಿಂಗ್ ಕ್ಲಾಸು. ಕ್ಲೋರಿನ್ನು. ನಾನು ಕೈಕಾಲು ಬಡಿಯೋದು ಕಲ್ತೆ. ಮನೆಯವ್ಳು ಇನ್ನೂ ತೇಲ್ತಾ ಇಲ್ಲ. ಅವ್ಳ ಟಿಕೆಟ್ ಮುಂದಿನ ತಿಂಗ್ಳಿಗೆ ಹಾಕಕ್ಕಾಗತ್ತಾ?"

ಹಡಗು ಹತ್ತಲು ಈಜು ಬೇಡ, ಎಲ್ಲರಿಗೂ ಲೈಫ್ ಜಾಕೆಟ್ ಇರುತ್ತದೆ, ಮೊದಲ ದಿನವೇ ಅದನ್ನು ಹಾಕಿಕೊಳ್ಳುವುದನ್ನು ಹೇಳಿಕೊಡುತ್ತಾರೆ ಎಂದು ವಿವರಿಸಿದೆ. ಕಲಿತದ್ದು ಹಾಳಾಗುವುದು ಬೇಡ, ಹಡಗಿನ ಮೇಲೆಯೇ ಈಜುಕೊಳ ಇದೆ ಎಂದು ಸಮಾಧಾನವನ್ನೂ ಹೇಳಿದೆ.

ಬಾಗಿಲಲ್ಲಿ ಕೂತಿದ್ದ ಅಜ್ಜಿ ಇದನ್ನು ಕೇಳಿಸಿಕೊಂಡರು.

"ಅಷ್ಟು ದೊಡ್ಡ ಸಮುದ್ರದ ಮಧ್ಯಕ್ಕೆ ಹೋಗಿ ತೊಟ್ಟಿಲಿ ಇಳಿಯೋದಾ? ಆ ತೊಟ್ಟಿಗೆ ನೀರು ಟ್ಯಾಂಕರಲ್ಲಿ ತರಿಸ್ತಾರಾ?"

ರಸಮಟ್ಟ

ಜೀವನ್ ಬಿಮಾ ನಗರದಿಂದ ವಿಮಾನ ಕಾರ್ಖಾನೆಯ ನಿವೃತ್ತ ಫಿಟ್ಟರ್ ಒಬ್ಬರು ಹೆಂಡತಿಯ ಜೊತೆ ಬಂದಿದ್ದರು. ಹೆಂಡತಿಗೆ ಹಡಗಿನ ಆಸೆ. ಇವರಿಗೆ, ಹಾರದ ಯಾವುದರ ಮೇಲೂ ನಂಬಿಕೆ ಇಲ್ಲ.

"ಊಟದ ಹೊತ್ತಲ್ಲಿ ಎಲ್ರೂ ಒಂದೇ ಕಡೆ ಹೋದ್ರೆ ಹಡಗು ವಾಲಲ್ವೇನಮ್ಮಾ? ಲೋಡ್ ಬ್ಯಾಲೆನ್ಸ್ ಯಾರು ನೋಡ್ಕೋತಾರೆ?" ಎಂದು ಕೇಳಿದರು.

ಅಷ್ಟು ದೊಡ್ಡ ಹಡಗಿಗೆ ನಮ್ಮ ತೂಕ ಲೆಕ್ಕಕ್ಕೇ ಇಲ್ಲ ಎಂದೆ. ಒಪ್ಪಿದವರ ಹಾಗೆ ತಲೆಯಾಡಿಸಿದರು. ಹಡಗು ಹತ್ತಿದ ದಿನ ಊಟದ ಮೇಜಿನ ಮೇಲೆ ನೋಡುತ್ತೇನೆ, ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಗಾರೆ ಕೆಲಸದವರು ಗೋಡೆಗೆ ಹಿಡಿಯುವಂಥ ರಸಮಟ್ಟ! ಮನೆಯಿಂದ ತಂದಿದ್ದರು. ಗಾಜಿನೊಳಗಿನ ಗುಳ್ಳೆಯನ್ನೇ ದಿಟ್ಟಿಸುತ್ತ ಇಡ್ಲಿ ತಿನ್ನುತ್ತಿದ್ದರು.

ಗುಳ್ಳೆ ಒಂದು ಕೂದಲೆಳೆಯಷ್ಟು ಸರಿದರೆ ಸಾಕು, ನಮ್ಮ ತಂಡಕ್ಕೆ ಅಪ್ಪಣೆಯಾಗುತ್ತಿತ್ತು. "ಬಾಣಸವಾಡಿಯವ್ರು ಸ್ವಲ್ಪ ಆ ಕಡೆ ಟೇಬಲ್‌ಗೆ ಹೋಗಿ. ಅಜ್ಜಿ, ನೀವು ಅಲ್ಲೇ ಇರಿ, ಕರೆಕ್ಟಾಗಿದೀರಿ."

ಯಾರೂ ಎದುರು ಮಾತಾಡಲಿಲ್ಲ. ನಾವು ತಟ್ಟೆ ಹಿಡಿದುಕೊಂಡು ಅತ್ತಿಂದಿತ್ತ ಓಡಾಡಿದೆವು. ಎರಡನೆಯ ದಿನ ನಮ್ಮ ಪಕ್ಕದ ಮೇಜಿನ ಗುಜರಾತಿ ಕುಟುಂಬವೂ ಓಡಾಡತೊಡಗಿತು.

ಸಂಜೆ ಫಿಟ್ಟರ್ ಅವರ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದರು. "ಮದ್ವೆಯಾದಾಗಿಂದ ಇವ್ರು ನನ್ನ ಮಾತಿಗೆ ಒಂದಿಂಚು ಅಲುಗಾಡಿದ್ದಿಲ್ಲ. ಇಲ್ಲಿ ಎಷ್ಟು ಜನಾನ ಅಲುಗಾಡಿಸಿದ್ರು ನೋಡಿ."

ಊಟಕ್ಕೆ ಬೇರೆ ದುಡ್ಡು

ಇದನ್ನು ನಾನು ಬಸ್ಸಿನ ಕಾಲದಿಂದಲೂ ಬಲ್ಲೆ. ಟಿಕೆಟ್‌ನಲ್ಲಿ ಊಟ ಸೇರಿದೆ ಎಂದರೆ ನಮ್ಮವರು ನಂಬುವುದಿಲ್ಲ. ಬಾಣಸವಾಡಿಯ ದಂಪತಿ ಮೊದಲ ದಿನ ಕೋಣೆಯಲ್ಲಿ ಕೂತು ಕೋಡುಬಳೆ, ಚಕ್ಕುಲಿ ತಿಂದೇ ಹೊಟ್ಟೆ ತುಂಬಿಸಿಕೊಂಡಿದ್ದರು. ರಸಮಟ್ಟದ ಅಪ್ಪಣೆಗೆ ಓಡಾಡುವಾಗಲೂ ಅವರ ಕೈಯಲ್ಲಿದ್ದದ್ದು ಬರೀ ನೀರಿನ ಲೋಟ ಎಂಬುದನ್ನು ನಾನು ಗಮನಿಸಿರಲಿಲ್ಲ. ಎಲ್ಲವೂ ಟಿಕೆಟ್‌ನಲ್ಲೇ ಸೇರಿದೆ ಎಂದು ಮತ್ತೊಮ್ಮೆ ಬಿಡಿಸಿ ಹೇಳಿದ ಮೇಲೆ ಅವರು ಊಟಕ್ಕೆ ಕೂತ ಗತ್ತೇ ಬೇರೆ. ಫಿಟ್ಟರ್ ಅಂಕಲ್ ಗುಳ್ಳೆಯನ್ನೂ ಅವರನ್ನೂ ಆತಂಕದಿಂದ ನೋಡುತ್ತಿದ್ದರು.

ಅಜ್ಜಿಯ ಸಮಸ್ಯೆ ಬೇರೆ. ಅಜ್ಜಿ ತಂದಿದ್ದ ರಾಗಿ ಹಿಟ್ಟನ್ನು ಬಂದರಿನ ತಪಾಸಣೆಯಲ್ಲೇ ತೆಗೆದಿಟ್ಟುಕೊಂಡಿದ್ದರು. ಅಷ್ಟು ದೊಡ್ಡ ಊಟದ ಸಾಲಿನ ಮುಂದೆ ನಿಂತು, "ಇಷ್ಟೆಲ್ಲ ಇಟ್ಟಿದಾರೆ, ತಿನ್ನೋ ಅಂಥದ್ದು ಒಂದೂ ಇಲ್ಲ" ಎಂದರು. ಅಂಗಡಿ ಕೈತಪ್ಪಿತು ಎಂದುಕೊಂಡೆ.

ನಮ್ಮ ಕನ್ನಡ ಕೇಳಿ ಬಿಳಿ ಟೋಪಿಯ ಅಡುಗೆಯವನೊಬ್ಬ ಹತ್ತಿರ ಬಂದ. "ಯಾವೂರ್ರಿ? ಬೆಂಗಳೂರೇನ್ರಿ?"

"ಜೋಗುಪಾಳ್ಯ" ಎಂದೆ. ಅವನು ನನ್ನ ಮುಖವನ್ನೇ ನೋಡಿದ.

"ಅಕ್ಕಾರ, ಬಸ್ ಟಿಕೇಟಿನ ಅಕ್ಕಾರಲ್ಲೇನ್ರಿ ನೀವು? ನಾ ಅಲ್ಲೇ ರೂಮ್ ಮಾಡ್ಕೊಂಡಿದ್ದೆ. ಹ್ವಾದ್ ಸಲ ಕಲಬುರಗಿಗಿ ಹೋಗಾಕ ಬಸ್ಸಿನ ಹಿಂದಿನ ಕಡೀ ಸೀಟ್ ಕೊಟ್ಟಿದ್ರಿ. ನಡಾ ಹಿಡದು ವಾರಗಟ್ಲೆ ಮಲಗಿದ್ನಿ."

ಅಜ್ಜಿ ನಡುವೆ ಬಂದು, "ಅವ್ಳಿಗೆ ನಾನು ಆಮೇಲೆ ಬೈತೀನಿ, ಮೊದ್ಲು ನಂಗೇನಾದ್ರೂ ಮಾಡ್ಕೊಡಪ್ಪ" ಎಂದರು.

ಗೋಧಿ ಆಗದವರಿಗೆಂದು ಹಡಗಿನಲ್ಲಿ ಜೋಳದ ಹಿಟ್ಟು ಇಟ್ಟಿದ್ದರಂತೆ. ಅವನು ಬಿಸಿ ರೊಟ್ಟಿ ತಟ್ಟಿ, ಬೇಳೆ ಸಾರಿನ ಜೊತೆ ತಂದುಕೊಟ್ಟ. ಅಜ್ಜಿ ಸಮುದ್ರ ನೋಡುತ್ತ ಅಷ್ಟನ್ನೂ ತಿಂದರು. ನಾನು ಆಸೆಯಿಂದ ಕೈ ಚಾಚಿದೆ.

"ನಿಮಗ ಕಡೀಕ್ರಿ ಅಕ್ಕಾರ," ಎಂದ ಅವನು ನಗುತ್ತ. "ಕಡೀ ಸೀಟು."

ಹಡಗು ಕಾಯುತ್ತದೆ

ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ನಮ್ಮ ಕಡೆ ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲುತ್ತದೆ, ಹೆಂಗಸರು ಬ್ಯಾಗು ಹುಡುಕುವವರೆಗೆ ಆಟೋ ನಿಲ್ಲುತ್ತದೆ. ಹಡಗು ನಿಲ್ಲುವುದಿಲ್ಲ. ಊರು ನೋಡಲು ಇಳಿದವರು ಹೇಳಿದ ಹೊತ್ತಿಗೆ ಬರದಿದ್ದರೆ ಅವರನ್ನು ಬಿಟ್ಟು ಹೊರಟುಬಿಡುತ್ತದೆ. ಇದನ್ನು ಅಂಗಡಿಯಲ್ಲಿ, ರೈಲಿನಲ್ಲಿ, ಹಡಗಿನಲ್ಲಿ ಎಲ್ಲರ ತಲೆಗೂ ತುಂಬಿದ್ದೆ. ನನ್ನ ಉಪದೇಶ ಕೇಳಿ ಕೇಳಿ ಬಾಣಸವಾಡಿಯವರು ಕೋಣೆಯಿಂದ ಊಟಕ್ಕೆ ಬರುವಾಗಲೂ ಗಡಿಯಾರ ನೋಡುತ್ತಿದ್ದರು.

ಲಂಕೆಯ ಟ್ರಿಂಕೋಮಲಿಯಲ್ಲಿ ಇಳಿದೆವು. ಅಜ್ಜಿ ನೆಲಕ್ಕೆ ಕಾಲಿಟ್ಟವರೇ ಗೆದ್ದವರ ಹಾಗೆ ಸೊಂಟದ ಮೇಲೆ ಕೈಯಿಟ್ಟುಕೊಂಡರು. "ಪಾಪ ಹನುಮಂತ, ಹಾರ್ಕೊಂಡು ಬಂದ. ನಾವು ಊಟ ಮಾಡ್ಕೊಂಡು ಬಂದ್ವಿ."

ಗುಡ್ಡದ ಮೇಲಿನ ಶಿವನ ಗುಡಿಗೆ ಎಲ್ಲರೂ ಹೋದೆವು. ವಾಪಸ್ ಹೊರಡುವಾಗ ನೋಡಿದರೆ ಅಜ್ಜಿ ಇಲ್ಲ. ಉಳಿದವರನ್ನು ವ್ಯಾನಿನಲ್ಲಿ ಹಡಗಿಗೆ ಕಳಿಸಿ ನಾನೊಬ್ಬಳೇ ಹುಡುಕಲು ನಿಂತೆ. ನನ್ನ ಫೋನಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಹೂವಿನ ಅಂಗಡಿ, ತರಕಾರಿ ಸಂತೆ, ಎಲ್ಲ ಕಡೆ ಕೇಳಿದೆ. ಕಂಡವರೆಲ್ಲ, "ಬೆಂಗಳೂರು ಪಾಟಿಯಾ? ಇಲ್ಲೇ ಇದ್ದರು" ಎಂದು ತಮಿಳಿನಲ್ಲಿ ಹೇಳುತ್ತಾರೆ. ಅವರ ಪಾಟಿ ಎಂದರೆ ನಮ್ಮ ಅಜ್ಜಿ. ಹಲಸೂರಿನ ತಮಿಳಿನಲ್ಲಿ ಅಜ್ಜಿ ಊರೆಲ್ಲ ಪರಿಚಯ ಮಾಡಿಕೊಂಡಿದ್ದರು. ಹಡಗು ಹೊರಡುವ ಹೊತ್ತು ಹತ್ತಿರವಾಯಿತು. ಅಂಗಡಿ ಹೋದರೆ ಹೋಗಲಿ, ಅಜ್ಜಿ ಸಿಕ್ಕರೆ ಸಾಕು ಎನಿಸಿತು. ಕೊನೆಗೆ ತೆಂಗಿನಕಾಯಿ ಮಾರುವವನೊಬ್ಬ, ಹಡಗಿಗೆ ಹೊತ್ತಾಯಿತೆಂದು ಪಾಟಿ ಆಟೋ ಹತ್ತಿ ಬಂದರಿಗೆ ಹೋಗಿ ಬಹಳ ಹೊತ್ತಾಯಿತು ಎಂದ.

ಅಂದರೆ ಅಜ್ಜಿ ಒಳಗೆ, ನಾನು ಹೊರಗೆ! ಹೊರಡುವ ಹೊತ್ತು ಆಗಲೇ ಮೀರಿತ್ತು. ಆಟೋದಿಂದ ಇಳಿದು ಕಟ್ಟೆಯ ಮೇಲೆ ಓಡಿದೆ. ಖಾಲಿ ಸಮುದ್ರ ಕಾಣುತ್ತದೆ ಎಂದು ಅರ್ಧಂಬರ್ಧ ಕಣ್ಣು ಮುಚ್ಚಿಕೊಂಡಿದ್ದೆ. ಹಡಗು ಅಲ್ಲೇ ನಿಂತಿತ್ತು. ಹತ್ತುವ ಏಣಿ ಇಳಿದೇ ಇತ್ತು. ಏಣಿಯ ಬಾಯಲ್ಲಿ ಒಂದು ಕುರ್ಚಿ, ಕುರ್ಚಿಯ ಮೇಲೆ ಅಜ್ಜಿ. ನಾನು ಓಡುತ್ತಲೇ ಅತ್ತುಬಿಟ್ಟೆ.

ಆದದ್ದನ್ನು ಫಿಟ್ಟರ್ ಅವರ ಹೆಂಡತಿ ಆಮೇಲೆ ಹೇಳಿದರು. ನಾನು ಬಂದಿಲ್ಲವೆಂದು ಗೊತ್ತಾದ ಕೂಡಲೇ ಅಜ್ಜಿ ಏಣಿಯ ಹತ್ತಿರ ಬಂದು ಏದುಸಿರು ಬಿಟ್ಟರಂತೆ. ಪಾಪ ಮುದುಕಿ ಎಂದು ಕಾವಲಿನವನೇ ತನ್ನ ಕುರ್ಚಿ ಕೊಟ್ಟನಂತೆ. ಅಜ್ಜಿ ಅದನ್ನು ಸರಿಯಾಗಿ ಏಣಿಗೆ ಅಡ್ಡ ಎಳೆದುಕೊಂಡು ಕೂತರು. ಅಲ್ಲಿಗೆ ಏದುಸಿರು ನಿಂತಿತು.

ಹೊತ್ತಾದಾಗ ಹಡಗಿನ ಅಧಿಕಾರಿ ಬಂದ. ತಮಿಳುನಾಡಿನ ತೂತ್ತುಕುಡಿಯವನು.

"ಪಾಟಿ, ಏಳಿ. ಹಡಗು ಯಾರಿಗೂ ಕಾಯಲ್ಲ."

"ಏನಪ್ಪಾ ಅವಸರ?" ಅಜ್ಜಿಯೂ ತಮಿಳಿನಲ್ಲೇ ಕೇಳಿದರು. "ಊಟ ಒಳಗೇ ಇದೆ, ಹಾಸಿಗೆ ಒಳಗೇ ಇದೆ. ಮನೆಗೆ ಹೋಗಿ ಅಡುಗೆ ಮಾಡ್ಬೇಕಾ ನೀನು?"

ಅಷ್ಟರಲ್ಲಿ ಫಿಟ್ಟರ್ ಅಂಕಲ್ ಬಂದು, ಏಣಿಯ ಮೇಲೆ ರಸಮಟ್ಟ ಇಟ್ಟು, ಕನ್ನಡಕ ಸರಿಮಾಡಿಕೊಂಡು, "ಮಟ್ಟ ಸರಿ ಇಲ್ಲ. ಈ ಸ್ಥಿತೀಲಿ ಎತ್ತಲೇಬಾರ್ದು" ಎಂದು ತೀರ್ಪು ಕೊಟ್ಟರಂತೆ. ಏಣಿ ಎಂದಮೇಲೆ ಅದು ಇಳಿಜಾರಾಗಿಯೇ ಇರುತ್ತದೆ ಎಂದು ಹೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಅಧಿಕಾರಿ ಸೋತು ಕೇಳಿದನಂತೆ. "ಬರ್ಬೇಕಾದವ್ರು ನಿಮಗೇನಾಗ್ಬೇಕು ಪಾಟಿ? ಮಗಳಾ?"

"ಮಗಳಲ್ಲ, ನನ್ನ ಬಾಡಿಗೆಯವ್ಳು. ಅವ್ಳನ್ನ ಇಲ್ಲಿ ಬಿಟ್ಟುಹೋದ್ರೆ ನನ್ನ ಅಂಗಡಿ ಯಾರು ಖಾಲಿ ಮಾಡ್ತಾರೆ?"

ನಾನು ಏಣಿ ಹತ್ತಿದಾಗ ಮೇಲಿನ ಮಹಡಿಗಳಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಗುಜರಾತಿ ಕುಟುಂಬ ಶಿಳ್ಳೆ ಹಾಕಿತು. ಅಜ್ಜಿ ಕುರ್ಚಿಯಿಂದೆದ್ದು ನನ್ನ ಕಣ್ಣೊರೆಸಿ, "ಹೊತ್ತಿಗೆ ಸರಿಯಾಗಿ ಬರ್ಬೇಕು ಕಣೇ, ಹಡಗು ಕಾಯಲ್ಲ" ಎಂದರು.

ಬೆಂಗಳೂರಿಗೆ ಬಂದ ಮಾರನೆಯ ಬೆಳಿಗ್ಗೆ ಅಂಗಡಿ ತೆಗೆದು ಕೂತೆ. ಹಿಂದೆಯೇ ಕೆಂಪು ಕುರ್ಚಿ ಬಂದು ಬಾಗಿಲಿಗೆ ಅಡ್ಡ ಕೂತಿತು. ಅಜ್ಜಿ ಗೋಡೆಯ ಮೇಲಿನ ಹಡಗಿನ ಚಿತ್ರವನ್ನು ನೋಡುತ್ತ ಕೂತರು. ನಾನೇ ಬಾಯಿ ಬಿಟ್ಟೆ.

"ಅಜ್ಜಿ, ಅಂಗಡಿ ಯಾವಾಗ ಖಾಲಿ ಮಾಡ್ಲಿ?"

"ಅಂಗಡಿ ಹಂಗಿರ್ಲಿ. ಮುಂದಿನ ಹಡಗು ಯಾವಾಗ ಹೊರಡತ್ತೆ?" ಅಜ್ಜಿ ಸೀರೆಯ ನೆರಿಗೆ ಸರಿಮಾಡಿಕೊಂಡು ಇನ್ನಷ್ಟು ಗಟ್ಟಿಯಾಗಿ ಕೂತರು. "ನನ್ನ ತಂಗೀರಿಗೂ ಸೇರಿಸಿ ಟಿಕೆಟ್ ಹಾಕು. ಹಾಕೋವರ್ಗೂ ನಾನು ಇಲ್ಲಿಂದ ಏಳಲ್ಲ."